ಥೀಸಿಸ್‌ನ ಒಂದು ಪುಟದಲ್ಲಿ ಹಿಡಿಯದವರಿಗೆ

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ, ಸಸ್ಯರೋಗ ಶಾಸ್ತ್ರ ವಿಭಾಗದಲ್ಲಿ, ರಾಗಿಗೆ ಬರುವ ಬೆಂಕಿ ರೋಗದ ಮೇಲೆ ಮಾಡಿದ ಕೆಲಸ. ಥೀಸಿಸ್‌ನಲ್ಲಿ ಕೃತಜ್ಞತೆಗೆ ಅಂತ ಒಂದು ಪುಟ ಇರುತ್ತದೆ. ಗೈಡ್, ಅಡ್ವೈಸರಿ ಕಮಿಟಿಯವರು, ವಿಭಾಗದ ಮೇಷ್ಟ್ರುಗಳು, ಅಪ್ಪ ಅಮ್ಮ ಇಷ್ಟು ಬರೆಯುವಷ್ಟರಲ್ಲಿ ಆ ಪುಟ ತುಂಬಿತು. ಅವರೆಲ್ಲ ಅಲ್ಲಿ ಇರಲೇಬೇಕಾದವರು. ಆದರೆ ನನ್ನ ಸಾಮಾನ್ಯ ದಿನಗಳನ್ನು ದಾಟಿಸಿದವರು ಇನ್ನೂ ತುಂಬ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೊಲದ ಅಕ್ಕಂದಿರು. ಕ್ಯಾಂಪಸ್ಸಿನ ಸುತ್ತಲಿನ ಹಳ್ಳಿಗಳಿಂದ ಬೆಳಿಗ್ಗೆಯೇ ಬಂದು, ನಮ್ಮ ಪ್ಲಾಟುಗಳಲ್ಲಿ ನಾಟಿ, ಕಳೆ, ಕೊಯ್ಲು ಎಲ್ಲವನ್ನೂ ಮಾಡುವವರು ಇವರು. ಬೆಂಕಿ ರೋಗ ಬಿದ್ದರೆ ರಾಗಿ ಎಲೆಯ ಮೇಲೆ ಎರಡೂ ತುದಿ ಚೂಪಾದ ಚುಕ್ಕೆಗಳು ಮೂಡುತ್ತವೆ. ನಡುವೆ ಬೂದು ಬಣ್ಣ, ಅಂಚು ಕಂದು. ಅದಷ್ಟೇ ಆದರೆ ರೈತ ಹೇಗೋ ತಡೆದುಕೊಳ್ಳುತ್ತಾನೆ. ಕುತ್ತಿಗೆಗೆ ಬಿದ್ದರೆ ಮಾತ್ರ ಕಷ್ಟ. ತೆನೆಯ ಬುಡ ಕಪ್ಪಾಗಿ, ಮೇಲಕ್ಕೆ ಆಹಾರ ಹೋಗುವುದು ನಿಂತು, ಕಾಳು ಜೊಳ್ಳಾಗುತ್ತದೆ. ನನ್ನ ಕೆಲಸ ಪ್ರತಿ ಸಾಲಿನಲ್ಲೂ ಕೂತು, ಯಾವ ತಳಿಗೆ ಎಷ್ಟು ರೋಗ ಬಂದಿದೆ ಅಂತ ಅಂಕ ಹಾಕುವುದು. ಸೊನ್ನೆ ಅಂದರೆ ರೋಗವೇ ಇಲ್ಲ, ಒಂಬತ್ತು ಅಂದರೆ ಎಲೆಯಲ್ಲಿ ಉಳಿದದ್ದೇನೂ ಇಲ್ಲ. ನಾನು ಪುಸ್ತಕ ಹಿಡಿದು ಸಾಲಿನ ತುದಿಯಲ್ಲಿ ಇರುವಾಗಲೇ, ಅವರಲ್ಲಿ ಹಿರಿಯಕ್ಕ ಒಬ್ಬರು ಆ ಕಡೆಯಿಂದ ಕೂಗುತ್ತಿದ್ದರು: ‘ಮಗಾ, ಈ ಸಾಲು ಹೋಯ್ತು, ಕುತ್ತಿಗೆ ನೋಡು.’ ಹೋಗಿ ನೋಡಿದರೆ ಕಪ್ಪು ಆಗತಾನೇ ಶುರುವಾಗಿರುತ್ತಿತ್ತು. ಅಷ್ಟು ಬೇಗ ಅದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೋಡ ಮುಚ್ಚಿ ಸೋನೆ ಹಿಡಿದರೆ ಬೆಂಕಿ ಬಿತ್ತು ಅಂತಲೇ ಲೆಕ್ಕ ಅನ್ನುವುದು ಅವರ ಮಾತು. ತಂಪು ಹವೆ ಇದ್ದು ಎಲೆ ಗಂಟೆಗಟ್ಟಲೆ ಒದ್ದೆಯಾಗಿ ಉಳಿದರೆ ಈ ರೋಗ ತರುವ ಶಿಲೀಂಧ್ರದ ಬೀಜಕಣ ಮೊಳೆತು ಒಳಗೆ ಇಳಿಯುತ್ತದೆ ಅಂತ ನಾನು ಓದಿದ್ದೆ. ಆದರೆ ಸೋನೆ ಹಿಡಿದ ಮೇಲೆ ಯಾವ ದಿನ ಯಾವ ಮೂಲೆಯಿಂದ ನೋಡಲು ಶುರುಮಾಡಬೇಕು ಅನ್ನುವುದನ್ನು ಇವರಿಂದ ಕಲಿತೆ. ಯಾವ ತಳಿ ತಡೆಯುತ್ತದೆ ಅಂತ ನೋಡಲು, ರೋಗ ಹರಡಲಿ ಅಂತಲೇ ನಡುನಡುವೆ ಹಾಕುವ ಉದುರುಮಲ್ಲಿಗೆ ಸಾಲುಗಳನ್ನು ಕಂಡರೆ ಅವರಿಗೆ ಸಂಕಟ. ಬೇಗ ರೋಗ ಹಿಡಿಯುವ ಹಳೆಯ ತಳಿ ಅದು. ‘ಚೆನ್ನಾಗಿ ಬೆಳೆಯೋ ರಾಗೀನ ಸಾಯಕ್ಕೆ ಅಂತಾನೇ ಹಾಕ್ತೀರಲ್ಲ’ ಅನ್ನುತ್ತಿದ್ದರು. ಆದರೂ ಆ ಸಾಲುಗಳ ಕಳೆಯನ್ನೂ ಅಷ್ಟೇ ಅಚ್ಚುಕಟ್ಟಾಗಿ ತೆಗೆದರು. ನನ್ನ ಥೀಸಿಸ್‌ನ ಟೇಬಲ್‌ಗಳಲ್ಲಿರುವ ಪ್ರತಿ ಅಂಕದಲ್ಲೂ ಈ ಅಕ್ಕಂದಿರ ಕಣ್ಣು ಇದೆ. ಎಲ್ಲರಿಗೂ ಕೈಮುಗಿದು ವಂದನೆ.

ಇನ್ನು ನನ್ನ ಸೀನಿಯರ್ ಅಕ್ಕ. ಎರಡನೇ ವರ್ಷದಲ್ಲಿ ನನ್ನ ಕಲ್ಚರ್‌ಗಳಿಗೆ, ಅಂದರೆ ಲ್ಯಾಬಿನ ಪ್ಲೇಟುಗಳಲ್ಲಿ ಬೆಳೆಸಿಟ್ಟ ಶಿಲೀಂಧ್ರಕ್ಕೆ, ನುಸಿ ಬಿತ್ತು. ಕಣ್ಣಿಗೆ ಕಾಣುವುದೂ ಕಷ್ಟ ಅನ್ನುವಷ್ಟು ಸಣ್ಣ ಹುಳ. ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ತೆವಳುತ್ತದೆ. ಹೋಗುವಾಗ ಬೇರೆ ಬೂಷ್ಟನ್ನೂ ಮೈಗೆ ಅಂಟಿಸಿಕೊಂಡು ಹೋಗುತ್ತದೆ. ಎಂಥ ಲ್ಯಾಬಿಗಾದರೂ ಬರಬಹುದಾದ ಪೀಡೆ. ತುಮಕೂರು, ಹಾಸನ, ರಾಮನಗರ, ಮಂಡ್ಯ, ಕೋಲಾರದ ಹೊಲಗಳಲ್ಲಿ ಸುತ್ತಿ ತಂದ ರೋಗದ ಎಲೆಗಳಿಂದ ಬಂದ ಕಲ್ಚರ್‌ಗಳು ಅವು. ಮೈಕ್ರೋಸ್ಕೋಪಿನ ಕೆಳಗೆ ಒಂದೊಂದೇ ಬೀಜಕಣ ಆರಿಸಿ ಬೆಳೆಸಿದ್ದು. ವಾರದೊಳಗೆ ಬಹುಪಾಲು ಕೆಟ್ಟುಹೋದವು. ಮತ್ತೆ ಸ್ಯಾಂಪಲ್ ತರಬೇಕು ಅಂದರೆ ಮುಂದಿನ ಮಳೆಗಾಲದವರೆಗೆ ಕಾಯಬೇಕು. ಆ ರಾತ್ರಿ ಊಟ ಸೇರಲಿಲ್ಲ.

ಅಷ್ಟು ಹೊತ್ತಿಗೆ ಅಕ್ಕ ಓದು ಮುಗಿಸಿ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದರು. ಫೋನ್ ಮಾಡಿ ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ‘ಫ್ರೀಜರಿನ ಕೆಳಗಿನ ಖಾನೆಯಲ್ಲಿ ನೀಲಿ ಡಬ್ಬ ಇದೆ, ತೆಗಿ’ ಅಂದರು. ತೆಗೆದರೆ ಸಣ್ಣ ಸಣ್ಣ ಕವರುಗಳು. ಒಳಗೆ ಫಿಲ್ಟರ್ ಪೇಪರಿನ ಚೂರುಗಳು. ಶಿಲೀಂಧ್ರವನ್ನು ಆ ಚೂರುಗಳ ಮೇಲೆ ಬೆಳೆಸಿ, ಒಣಗಿಸಿ, ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ಇಟ್ಟರೆ ವರ್ಷಗಟ್ಟಲೆ ಜೀವ ಇರುತ್ತದೆ. ನಾವಿಬ್ಬರೂ ಸೇರಿ ಹೊಲಗಳಿಗೆ ಹೋಗಿ ತಂದಿದ್ದನ್ನೆಲ್ಲ ಅವರು ತಮ್ಮ ಪಾಡಿಗೆ ಹೀಗೆ ಎತ್ತಿಟ್ಟಿದ್ದರು. ಪ್ರತಿ ಕವರಿನ ಮೇಲೂ ಪೆನ್ಸಿಲ್ಲಿನಲ್ಲಿ ಊರು, ತಾರೀಕು, ತಳಿ. ಇಂಥದ್ದೊಂದು ಮಾಡಿ ಅಂತ ಯಾರೂ ಕೇಳಿರಲಿಲ್ಲ. ಅವರ ಥೀಸಿಸ್‌ಗೆ ಅದು ಬೇಕಾಗಿಯೂ ಇರಲಿಲ್ಲ. ಒಂದೊಂದು ಚೂರನ್ನು ಶಿಲೀಂಧ್ರ ಬೆಳೆಸಲು ಬಳಸುವ, ಓಟ್ಸ್ ಹಾಕಿದ ಅಗಾರ್ ಜೆಲ್ಲಿಯ ಮೇಲಿಟ್ಟೆ. ಕೆಲವು ದಿನಕ್ಕೆ ಬೂದು ಬಣ್ಣದ ಬೆಳವಣಿಗೆ ಸುತ್ತ ಹರಡಿತು. ಅಕ್ಕಾ, ನಿಮ್ಮ ಪೆನ್ಸಿಲ್ ಅಕ್ಷರ ನನಗೆ ಒಂದು ವರ್ಷ ಉಳಿಸಿಕೊಟ್ಟಿತು. ಈ ಮಾತನ್ನು ಎಷ್ಟು ಜನರ ಮುಂದೆ ಹೇಳಿದರೂ ನನಗೆ ಸಾಕಾಗುವುದಿಲ್ಲ.

ನನ್ನ ಗೈಡ್ ಸರ್ ಬಗ್ಗೆ ಥೀಸಿಸ್‌ನಲ್ಲಿ ಬರೆದಿದ್ದೇನೆ. ಅಲ್ಲಿ ಬರೆಯಲು ಆಗದ ಒಂದು ಸಂಗತಿ ಇಲ್ಲಿ ಹೇಳುತ್ತೇನೆ. ಸೋಮವಾರದ ಮೀಟಿಂಗಿನಲ್ಲಿ ಮೊದಲು ಕೆಲಸದ ವಿಚಾರ. ಅದು ಮುಗಿದ ಮೇಲೆ ‘ಈಗ ಹೊಸದಾಗಿ ಏನು ಹಿಡಿದಿದ್ದೀಯಮ್ಮಾ?’ ಅಂತ ಕೇಳುತ್ತಿದ್ದರು. ಏನೋ ಒಂದು ಹಿಡಿದೇ ಇರುತ್ತಿದ್ದೆ ನಾನು. ಕೆಲವು ತಿಂಗಳು ಶಾಸನ, ಕೆಲವು ತಿಂಗಳು ಅಣಬೆ, ಆಮೇಲೆ ಪದಬಂಧ. ಪಿಎಚ್‌ಡಿ ಮಾಡುವವರಿಗೆ ಇದೆಲ್ಲ ಯಾಕೆ ಅಂತ ಕೇಳಿದವರು ಇದ್ದಾರೆ. ನಾನು ಒಪ್ಪುವುದಿಲ್ಲ. ಹೊಲದ ಪ್ರಯೋಗ ವರ್ಷಕ್ಕೆ ಒಂದೇ ಸಲ. ಮಳೆ ಕೈಕೊಟ್ಟರೆ ಇನ್ನೊಂದು ವರ್ಷ. ಇಷ್ಟು ನಿಧಾನವಾದ ಕೆಲಸದ ಜೊತೆಗೆ, ಒಂದು ಭಾನುವಾರದಲ್ಲಿ ಶುರುವಾಗಿ ಅದೇ ಭಾನುವಾರ ಮುಗಿಯುವಂಥದ್ದೂ ಏನಾದರೂ ಬೇಕು. ಸರ್ ಅದನ್ನು ನನಗಿಂತ ಮೊದಲೇ ತಿಳಿದುಕೊಂಡಿದ್ದರು ಅನಿಸುತ್ತದೆ.

ಶಾಸನದ ಹುಚ್ಚು ಹತ್ತಿಸಿದವಳು ಮಣ್ಣು ವಿಜ್ಞಾನ ಓದುತ್ತಿದ್ದ ಗೆಳತಿ. ನಮ್ಮ ಕ್ಯಾಂಪಸ್ಸಿನಿಂದ ಹೆಬ್ಬಾಳ ಹತ್ತಿರವೇ. ಅಲ್ಲಿ 2018ರಲ್ಲಿ ಚರಂಡಿಗೆ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಹೋರಾಡಿ ಸತ್ತ ಕಿತ್ತಯ್ಯನ ನೆನಪಿಗೆ ಹಾಕಿಸಿದ ಕಲ್ಲು. ಒಂದು ಭಾನುವಾರ ನನ್ನನ್ನು ಎಳೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸಿದಳು. ಬೆಂಗಳೂರು ಅಂದರೆ ಫ್ಲೈಓವರು, ಟ್ರಾಫಿಕ್ಕು ಅಂದುಕೊಂಡಿದ್ದವಳು ನಾನು. ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಇದೇ ನೆಲದಲ್ಲಿ ಒಬ್ಬನ ಹೆಸರು ಉಳಿಯಲಿ ಅಂತ ಯಾರೋ ಕನ್ನಡದಲ್ಲಿ ಕೆತ್ತಿಸಿದ್ದರು ಅನ್ನುವುದು ನನ್ನನ್ನು ಹಲವು ದಿನ ಬಿಡಲಿಲ್ಲ. ಆಮೇಲೆ ಬೇಗೂರಿಗೆ ಹೋದೆವು. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ, ಸುಮಾರು 890ರ ಶಾಸನದಲ್ಲಿ, ‘ಬೆಂಗಳೂರು’ ಅನ್ನುವ ಹೆಸರು ಇದೆ. ಅವಳು ಹಳಗನ್ನಡದ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ಸವೆದ ಕಲ್ಲನ್ನು ಎದುರಿನಿಂದ ನೋಡಬಾರದು, ಬದಿಯಿಂದ ಟಾರ್ಚ್ ಬಿಡಬೇಕು, ಆಗ ಅಕ್ಷರ ಎದ್ದು ನಿಲ್ಲುತ್ತದೆ ಅಂತ ಕಲಿಸಿದಳು. ಮಳೆ ಶುರುವಾಗಿ ಹೊಲದ ಕೆಲಸ ಜಾಸ್ತಿಯಾದಾಗ ಆ ಸುತ್ತಾಟ ನಿಂತಿತು. ಆದರೆ ಆ ಭಾನುವಾರಗಳು ನನಗೆ ಸಿಕ್ಕ ದೊಡ್ಡ ಸಂಪತ್ತು ಕಣೇ. ಥ್ಯಾಂಕ್ಸ್ ಅಂದರೆ ಬೈಯುತ್ತೀಯ, ಆದರೂ ಹೇಳುತ್ತೇನೆ.

ಒಂದೇ ದಿನದಲ್ಲಿ ಮುಗಿಯುವ ಇನ್ನೊಂದು ಹುಚ್ಚೂ ಇತ್ತು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡೂ ಇಪ್ಪತ್ತರ ಆಸುಪಾಸಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ನಮ್ಮ ಊರು ಹದಿಮೂರು ಡಿಗ್ರಿ ಉತ್ತರದಲ್ಲಿದೆ. ಆ ದಿನಗಳಲ್ಲಿ ಸೂರ್ಯನೂ ಅದೇ ಹದಿಮೂರು ಡಿಗ್ರಿಯ ನೇರಕ್ಕೆ ಬರುತ್ತಾನೆ, ಅಷ್ಟೇ. ಆಗಸ್ಟಿನಲ್ಲಿ ಮೋಡ ಜಾಸ್ತಿ, ಏಪ್ರಿಲ್ಲೇ ಒಳ್ಳೆಯದು. ಹೊಲ ಖಾಲಿ ಇದ್ದ ಒಂದು ಏಪ್ರಿಲ್ಲಿನಲ್ಲಿ ನೀರಿನ ಬಾಟಲಿ, ಟಿಫನ್ ಡಬ್ಬಿ, ಲ್ಯಾಬಿನ ಅಳತೆ ಜಾಡಿ ಎಲ್ಲ ತಂದು ಸಾಲಾಗಿ ನಿಲ್ಲಿಸಿದೆವು. ಕೆಲಸದವರ ಮಕ್ಕಳು ರಜೆಯಲ್ಲಿ ಬಂದಿದ್ದರು. ನೆರಳು ಬುಡಕ್ಕೆ ಸೇರಿ ಮಾಯವಾದಾಗ ಅವರು ಹಾಕಿದ ಕೇಕೆ ಇದೆಯಲ್ಲ, ಅದಕ್ಕೆ ಆ ಮಕ್ಕಳಿಗೂ ಒಂದು ಥ್ಯಾಂಕ್ಸ್.

ಹಾಸ್ಟೆಲ್ ಕಾರಿಡಾರಿನ ಮೂಲೆಯಲ್ಲಿ ಭತ್ತದ ಹುಲ್ಲಿನ ಚೀಲ ನೇತುಹಾಕಿ ಚಿಪ್ಪು ಅಣಬೆ ಬೆಳೆಯಲು ಬಿಟ್ಟ ವಾರ್ಡನ್ ಮೇಡಂಗೆ, ಆ ಅಣಬೆಯಿಂದ ಇಡೀ ಫ್ಲೋರಿಗೆ ಸಾರು ಮಾಡಿಕೊಟ್ಟ ಮೆಸ್ಸಿನ ಅಣ್ಣನಿಗೆ, ಪದಬಂಧದ ಪುಟ ಯಾರೂ ಗೀಚದ ಹಾಗೆ ಎತ್ತಿಟ್ಟು ಕೊಡುತ್ತಿದ್ದ ಲೈಬ್ರರಿಯ ಅಣ್ಣನಿಗೆ, ಫೆಲೋಶಿಪ್ ಹಣ ತಡವಾದ ತಿಂಗಳುಗಳಲ್ಲಿ ‘ಬಂದಾಗ ಕೊಡಮ್ಮಾ’ ಅಂತ ಪ್ರಿಂಟೌಟ್ ಮಾಡಿಕೊಟ್ಟ ಜೆರಾಕ್ಸ್ ಅಂಗಡಿಯವರಿಗೆ ನಾನು ಋಣಿ. ಆಗ ಕೇಳದೆಯೇ ಕೈಗೆ ದುಡ್ಡು ತುರುಕಿದ ರೂಮ್‌ಮೇಟ್‌ಗೂ.

ನವೆಂಬರಿನ ಕೃಷಿ ಮೇಳದಲ್ಲಿ ನಮಗೆಲ್ಲ ಡ್ಯೂಟಿ ಇರುತ್ತದೆ. ರೈತರು ರೋಗದ ಗಿಡವನ್ನು ಕವರಿನಲ್ಲಿ ಕಟ್ಟಿಕೊಂಡು ಬಂದು ಮುಂದೆ ಇಡುತ್ತಾರೆ. ನಿಜವಾದ ಪರೀಕ್ಷೆ ಅದೇ, ಯಾಕೆಂದರೆ ಅಲ್ಲಿ ಉತ್ತರ ತಪ್ಪಿದರೆ ನಷ್ಟ ಅವರದ್ದು. ಮಾಗಡಿ ಕಡೆಯ ಒಬ್ಬ ಅಜ್ಜ ನನ್ನ ಮಾತನ್ನೆಲ್ಲ ಕೇಳಿ, ‘ಇಲ್ಲಿ ಹೇಳಿದ್ದು ಸಾಕು, ಹೊಲಕ್ಕೆ ಬಂದು ನೋಡು ತಾಯಿ’ ಅಂದರು. ಹೋದೆ. ತಮ್ಮ ಹೊಲ ತೋರಿಸಿ, ಅಕ್ಕಪಕ್ಕದವರ ಹೊಲಕ್ಕೂ ಕರೆದುಕೊಂಡು ಹೋಗಿ, ಸ್ಯಾಂಪಲ್ ಕೀಳಲು ತಾವೇ ಅನುಮತಿ ಕೇಳಿಕೊಟ್ಟರು. ಥೀಸಿಸ್‌ನ ಒಂದು ಅಧ್ಯಾಯ ಪೂರ್ತಿ ಇಂಥ ರೈತರ ಹೊಲಗಳಿಂದ ಬಂದಿದೆ.

ನಾನು ಕಣ್ಣಾರೆ ನೋಡದ ಒಬ್ಬರನ್ನೂ ನೆನೆಯಬೇಕು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡತಳಿ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು. ರಾಗಿಯ ಹೂವು ಎಷ್ಟು ಚಿಕ್ಕದು ಅಂದರೆ, ಒಂದು ಹೂವಿನ ಕೇಸರ ತೆಗೆಯಲು ಕೂತಾಗ ನನ್ನ ಕೈ ನಡುಗುತ್ತಿತ್ತು. ಅದು ತನ್ನೊಳಗೇ ಪರಾಗ ಸೇರಿಸಿಕೊಂಡುಬಿಡುವ ಹೂವು ಬೇರೆ. ಅವರು ಅಂಥ ಹೂವಿನ ಮುಂದೆ ವರ್ಷಗಟ್ಟಲೆ ಕೂತರು. ಬೆಂಕಿ ರೋಗ ತಡೆಯುವ ಜಿಪಿಯು-28 ಅನ್ನುವ ರಾಗಿ ತಳಿಯ ವಂಶದಲ್ಲೂ ಇಂಡಾಫ್ ಇದೆ. ನನ್ನ ಪ್ಲಾಟಿನಲ್ಲಿ ಕೊನೆವರೆಗೂ ಹಸಿರಾಗಿ ನಿಂತ ಸಾಲುಗಳಲ್ಲಿ ಅದೂ ಒಂದು.

ಅಮ್ಮ ಕುಣಿಗಲ್ ಬಸ್ಸಿನಲ್ಲಿ ಕಳಿಸುತ್ತಿದ್ದ ಹುರಿಹಿಟ್ಟಿನ ಡಬ್ಬ, ಕೊನೆಯ ಅಧ್ಯಾಯ ಬರೆಯುವ ರಾತ್ರಿಗಳಲ್ಲಿ ನನ್ನ ಊಟವಾಗಿತ್ತು. ಬಿಸಿ ಹಾಲು, ಬೆಲ್ಲ, ಎರಡು ಚಮಚ ಹುರಿಹಿಟ್ಟು. ಅಪ್ಪ ಫೋನಿನಲ್ಲಿ ಯಾವತ್ತೂ ‘ಯಾವಾಗ ಮುಗಿಯುತ್ತೆ’ ಅಂತ ಕೇಳಲಿಲ್ಲ. ‘ಮಳೆ ಬಂತಾ ಅಲ್ಲಿ?’ ಅಂತಷ್ಟೇ ಕೇಳುತ್ತಿದ್ದರು. ಅವರ ಮಗಳ ಪಿಎಚ್‌ಡಿಗೆ ಬೇಕಾದ ಪ್ರಶ್ನೆ ಅದೊಂದೇ ಆಗಿತ್ತು.

ಜೂನಿಯರ್‌ಗಳಿಗೆ ಒಂದು ಮಾತು. ನನ್ನ ಎಲ್ಲ ಕಲ್ಚರ್‌ಗಳನ್ನೂ ಫಿಲ್ಟರ್ ಪೇಪರಿಗೆ ಹಾಕಿ ಅದೇ ನೀಲಿ ಡಬ್ಬದಲ್ಲಿ ಇಟ್ಟಿದ್ದೇನೆ. ಪಟ್ಟಿ ಮುಚ್ಚಳಕ್ಕೆ ಅಂಟಿಸಿದೆ. ಬೇಕಾದವರು ತೆಗೆದುಕೊಳ್ಳಿ, ತೆಗೆದ ಮೇಲೆ ಮತ್ತೆ ಬೆಳೆಸಿ ಇಡಿ.

ಬರುವ ಶನಿವಾರ ಮಧ್ಯಾಹ್ನ ಹೊಲದ ಶೆಡ್ಡಿನ ಹತ್ತಿರ ಊಟ ಇಟ್ಟುಕೊಂಡಿದ್ದೇನೆ. ಹೊಸ ರಾಗಿಯ ಮುದ್ದೆ, ಹಿತಕಿದ ಅವರೆಬೇಳೆ ಸಾರು, ಒಬ್ಬಟ್ಟು. ಅಕ್ಕಂದಿರು ಅವತ್ತು ಕೆಲಸ ಮಾಡುವ ಹಾಗಿಲ್ಲ, ಬಡಿಸುವವರು ನಾವು. ಮಾಗಡಿ ಅಜ್ಜ ಬರುತ್ತೇನೆ ಅಂದಿದ್ದಾರೆ. ಇದನ್ನು ಓದುತ್ತಿರುವ ಪರಿಚಯದವರು ಯಾರೇ ಇದ್ದರೂ ಬನ್ನಿ, ಒಂದು ಗಂಟೆಗೆ ಎಲೆ ಹಾಕುತ್ತೇವೆ.