ಹೊಳೆಯ ಮೆಟ್ಟಿಲಿಗೆ ಬೀಗ ಹಾಕಿದ್ದೇಕೆ: ನಮ್ಮ ಅತಿಥಿಗಳಿಗೆ ಪತ್ರ

ಆತ್ಮೀಯರೇ,

ದಾಂಡೇಲಿಯ ನಮ್ಮ ಹೋಮ್‌ಸ್ಟೇಗೆ ವರ್ಷಕ್ಕೊಮ್ಮೆಯಾದರೂ ಬಂದುಹೋಗುವ ನಿಮಗೆ ನಮ್ಮ ಪರಿಚಯ ಹೇಳಬೇಕಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇವೆ. ಹೊಳೆಯಲ್ಲಿ ಮೊಸಳೆಗಳಿರುವುದರಿಂದ ಕಾಳಿ ನದಿಗೆ ಇಳಿಯುವ ಮೆಟ್ಟಿಲುಗಳನ್ನು ಮುಚ್ಚಿದ್ದೇವೆ. ಹಿತ್ತಲಿನ ಉದ್ದಕ್ಕೂ ಐದಡಿ ಎತ್ತರದ ತಂತಿ ಜಾಲರಿಯ ಬೇಲಿ ಎದ್ದಿದೆ. ಹರಿಗೋಲು ಸವಾರಿ ನಿಲ್ಲಿಸಿದ್ದೇವೆ. ಬರುವ ತಿಂಗಳಿನಿಂದ ಒಬ್ಬರಿಗೆ ದಿನಕ್ಕೆ ₹150 ಹೆಚ್ಚು ಪಡೆಯುತ್ತೇವೆ; ಹತ್ತು ವರ್ಷದೊಳಗಿನ ಮಕ್ಕಳಿಗೆ ಹೆಚ್ಚಳವಿಲ್ಲ.

ಇದನ್ನು ಮೊದಲೇ ತಿಳಿಸದೇ ಇದ್ದದ್ದು ನಮ್ಮ ತಪ್ಪು. ದೀಪಾವಳಿ ರಜೆಗೆ ಬಂದ ಕುಟುಂಬವೊಂದರ ಮಕ್ಕಳು ಕಾರಿನಿಂದ ಇಳಿದವರೇ ಟವೆಲ್ ಹಿಡಿದು ಹಿತ್ತಲಿಗೆ ಓಡಿ, ಬೀಗದ ಮುಂದೆ ನಿಂತು ನಮ್ಮ ಮುಖ ನೋಡಿದರು. ಆ ಮಕ್ಕಳಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಅಂದು ನಿರಾಸೆಯಾದ ಎಲ್ಲರ ಕ್ಷಮೆ ಕೇಳುತ್ತೇವೆ. ಬೇಲಿ ಹಾಕಿದ್ದಕ್ಕೆ ಮಾತ್ರ ಕ್ಷಮೆ ಕೇಳಲಾರೆವು.

ಅಂದಿನಿಂದ ಒಂದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತಿದ್ದೇವೆ: "ಇಷ್ಟು ವರ್ಷ ಇದೇ ಮೆಟ್ಟಿಲಲ್ಲಿ ಈಜಿದ್ದೇವೆ, ಏನೂ ಆಗಲಿಲ್ಲ. ಈಗೆಲ್ಲಿಂದ ಬಂತು ಮೊಸಳೆ? ದರ ಏರಿಸಲು ಇದೊಂದು ನೆಪ." ಮನಸ್ಸಿಗೆ ನಾಟಿದ ಮಾತು ಇದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇವೆ.

ಮೊಸಳೆ ಈಗ ಬಂದದ್ದಲ್ಲ. ಇಲ್ಲಿಗೆ ಸಮೀಪದ ಹಾಲಮಡ್ಡಿಯಲ್ಲಿ ಅರಣ್ಯ ಇಲಾಖೆ ಮೊಸಳೆ ಪಾರ್ಕ್ ಮಾಡಿರುವುದೇ ಹೊಳೆಯ ಮೊಸಳೆಗಳನ್ನು ಜನ ದಡದಿಂದ ನೋಡಲೆಂದು. ನಿಮ್ಮಲ್ಲಿ ಅನೇಕರು ಅಲ್ಲಿ ಫೋಟೊ ತೆಗೆಸಿಕೊಂಡು ಬಂದು, ಸಂಜೆ ನಮ್ಮ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದೀರಿ. ಅದೇ ಹೊಳೆ, ಅದೇ ನೀರು. ಕುಳಿತುಕೊಳ್ಳಿ ಎಂದು ಚಹಾ ತಂದುಕೊಟ್ಟವರು ನಾವೇ. ದಾಂಡೇಲಿಯ ಆಸುಪಾಸಿನಲ್ಲಿ ಮೊಸಳೆಗೆ ಸಿಕ್ಕಿ ಜೀವ ಕಳೆದುಕೊಂಡವರಿದ್ದಾರೆ, ಅವರಲ್ಲಿ ಮಕ್ಕಳೂ ಇದ್ದಾರೆ. ಪ್ರತಿ ಸಲ ಸುದ್ದಿ ಕೇಳಿದಾಗಲೂ ಅದು ಬೇರೆ ಕಡೆಯ ದಡ ಎಂದು ಸಮಾಧಾನ ಮಾಡಿಕೊಂಡೆವು.

ಕಳೆದ ಮಾರ್ಚ್‌ನಲ್ಲಿ ಆ ಸಮಾಧಾನ ಹೋಯಿತು. ಏಳು ವರ್ಷದ ಹುಡುಗಿ ನಾಲ್ಕನೆಯ ಮೆಟ್ಟಿಲಲ್ಲಿ ಕುಳಿತು ನೀರಿನಲ್ಲಿ ಕಾಲಾಡಿಸುತ್ತಿದ್ದಳು. ತಂದೆ ಪಕ್ಕದಲ್ಲೇ ಇದ್ದರು. ಹತ್ತು ಹನ್ನೆರಡು ಅಡಿ ದೂರದಲ್ಲಿ ತೆಂಗಿನ ಸಿಪ್ಪೆಯಂಥದ್ದು ತೇಲುತ್ತಿತ್ತು. ಅವರೂ ನೋಡಿದ್ದರು, ನಾನೂ ನೋಡಿದ್ದೆ. ಪಾತ್ರೆ ತೊಳೆಯಲು ಬಂದ ನಮ್ಮ ಅಡುಗೆಯ ಅಕ್ಕ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿ, ಹುಡುಗಿಯ ರಟ್ಟೆ ಹಿಡಿದು ಮೇಲಕ್ಕೆ ಎಳೆದರು. ಮತ್ತೆ ನೋಡಿದಾಗಲಷ್ಟೇ ನನಗೆ ಹೊಳೆಯಿತು: ಹೊಳೆ ಎಡಕ್ಕೆ ಹರಿಯುತ್ತಿದೆ, ಸಿಪ್ಪೆ ಇದ್ದಲ್ಲಿಯೇ ಇದೆ. ಅದು ಎರಡು ಕಣ್ಣು, ಒಂದು ಮೂತಿಯ ತುದಿ. ಸದ್ದಿಲ್ಲದೆ ಮುಳುಗಿತು. ಹುಡುಗಿಯ ತೋಳಿನಲ್ಲಿ ಅಕ್ಕನ ಬೆರಳಿನ ಗುರುತು ಮೂಡಿತ್ತು, ಅಷ್ಟೇ. ಏನೂ ಆಗಲಿಲ್ಲ ಎಂದು ನೀವು ಹೇಳುವಾಗ ನನ್ನ ಕಣ್ಣಿಗೆ ಬರುವುದು ಆ ಗುರುತು.

ಮೊಸಳೆ ಅಟ್ಟಿಸಿಕೊಂಡು ಬಂದು ಬೇಟೆಯಾಡುವ ಪ್ರಾಣಿಯಲ್ಲ. ದಡದ ಪಕ್ಕದ ನೀರಿನಲ್ಲಿ ಅಡಗಿ ಕಾಯುತ್ತದೆ. ಯಾರು ಎಲ್ಲಿ, ಯಾವ ಹೊತ್ತಿಗೆ ನೀರಿಗಿಳಿಯುತ್ತಾರೆ ಎಂಬ ರೂಢಿ ಅದಕ್ಕೆ ತಿಳಿಯುತ್ತದೆ. ದಿನವೂ ಅದೇ ಮೆಟ್ಟಿಲು, ಅದೇ ಸಂಜೆ ಐದು ಗಂಟೆ. ಅದರ ಮೇಲೆ, ಹೇಳಲು ನಾಚಿಕೆಯಾಗುತ್ತದೆ, ಮೀನು ಕೊಯ್ದ ಕಸವನ್ನು ನಮ್ಮ ಅಡುಗೆಮನೆಯವರೇ ಹೊಳೆಗೆ ಎಸೆಯುತ್ತಿದ್ದರು. ಕೆಲವು ಅತಿಥಿಗಳು ಕೋಳಿ ಮೂಳೆ ಎಸೆದು ವಿಡಿಯೊ ಮಾಡುವಾಗಲೂ ನಾವು ಸುಮ್ಮನಿದ್ದೆವು. ಕರೆದು ಊಟ ಹಾಕಿದಂತೆಯೇ ಆಯಿತು. ಈಗ ಕಸವೆಲ್ಲ ಗೊಬ್ಬರದ ಗುಂಡಿಗೆ ಹೋಗುತ್ತದೆ.

"ಫಲಕ ಹಾಕಿದ್ದರೆ ಸಾಕಿತ್ತು" ಎಂದವರಿಗೆ ಒಂದು ಮಾತು. 2016ರ ಜೂನ್‌ನಲ್ಲಿ ಅಮೆರಿಕದ ಫ್ಲಾರಿಡಾದ ಡಿಸ್ನಿ ರೆಸಾರ್ಟ್‌ನಲ್ಲಿ, ಮರಳು ದಂಡೆಯ ಅಂಚಿನಲ್ಲಿದ್ದ ಎರಡು ವರ್ಷದ ಮಗುವನ್ನು ಮೊಸಳೆಯ ಜಾತಿಯದೇ ಆದ ಅಲಿಗೇಟರ್ ಎಳೆದೊಯ್ದಿತು. ಅಲ್ಲಿ ಫಲಕವಿತ್ತು. ಈಜಬೇಡಿ ಎಂದಿತ್ತು, ಏಕೆ ಎಂದಿರಲಿಲ್ಲ. ಬೇಲಿ ಬಂದದ್ದು ಮಗು ಹೋದ ಮೇಲೆ. "ಹಿಡಿಸಿ ಬೇರೆ ಕಡೆ ಬಿಡಿಸಿ" ಎನ್ನುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು, ನಮ್ಮ ಮೆಟ್ಟಿಲಿಗಾಗಿ ಅದನ್ನು ಎತ್ತಿಸುವಂತಿಲ್ಲ. ಎತ್ತಿಸುವ ಮನಸ್ಸೂ ನಮಗಿಲ್ಲ, ಹೊಳೆ ಮೊದಲಿನಿಂದ ಅದರದು.

ಇನ್ನು ಖರ್ಚಿನ ಮಾತು. ಜಾಲರಿಯ ಬೆಲೆ ಅಡಿಗೆ ಎಷ್ಟು ಎಂದು ಮೊಬೈಲಿನಲ್ಲಿ ನೋಡಿ ನಮಗೆ ಲೆಕ್ಕ ಹೇಳಿದವರಿದ್ದಾರೆ. ಕಣ್ಣಿಗೆ ಕಾಣುವುದು ಜಾಲರಿ, ಹಣ ಹೋದದ್ದು ನೆಲದೊಳಕ್ಕೆ. ಮೊಸಳೆ ಮಣ್ಣು ತೋಡಿ ಬಿಲ ಮಾಡುವ ಪ್ರಾಣಿ. ಬುಡ ಸಡಿಲವಿದ್ದರೆ ಬೇಲಿ ಇದ್ದೂ ಇಲ್ಲದಂತೆ. ಆದ್ದರಿಂದ 58 ಮೀಟರ್ ಉದ್ದಕ್ಕೂ ಒಂದೂವರೆ ಅಡಿ ಆಳಕ್ಕೆ ಚಿರೆಕಲ್ಲು, ಕಾಂಕ್ರೀಟ್ ಹಾಕಿ, ಜಾಲರಿಯ ಅಂಚನ್ನು ಅದರೊಳಗೆ ಹೂಳಿಸಿದೆವು. ಒಟ್ಟು ₹3,12,000 ಆಯಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಬುನಾದಿಗೇ ಹೋಯಿತು. ಕಬ್ಬಿಣದ ಮೇಲೆ ಕೊಟ್ಟ ಶೇ 18 ಜಿಎಸ್‌ಟಿ ನಮ್ಮಂಥ ಸಣ್ಣವರಿಗೆ ವಾಪಸ್ ಬರುವುದಿಲ್ಲ. ಬಿದಿರಿನ ಬೇಲಿ ಸಾಲದೇ ಎಂದು ಕೇಳಿದಿರಿ. ಅದನ್ನೇ ಮೊದಲು ಕಟ್ಟಿಸಿದೆವು. ಜುಲೈನ ಒಂದು ರಾತ್ರಿಯ ಮಳೆಗೆ ಹೊಳೆಯ ಪಾಲಾಯಿತು.

ಬೇಲಿ ನೀರಿನಿಂದ ಇಷ್ಟು ಹಿಂದೆ ಏಕೆ, ಬೆಂಕಿ ಹಾಕುತ್ತಿದ್ದ ಜಾಗವೂ ಹೋಯಿತಲ್ಲ ಎಂಬ ಬೇಸರ ನಮಗೂ ಇದೆ. ಆದರೆ ಮೇಲೆ ಗಣೇಶಗುಡಿಯ ಸೂಪಾ ಅಣೆಕಟ್ಟೆಯಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಬೆಳಗ್ಗೆ ಕಂಡ ಮೂರು ಮೆಟ್ಟಿಲು ಮಧ್ಯಾಹ್ನ ಕಾಣುವುದಿಲ್ಲ. ದಡ ಎಲ್ಲಿ ಎಂಬುದು ದಿನಕ್ಕೆರಡು ಸಲ ಬದಲಾಗುತ್ತದೆ. ನೀರು ಏರಿ ನಿಲ್ಲುವ ಗೆರೆಯಿಂದ ಮೇಲಕ್ಕೆ, ನಮ್ಮದೇ ಗಡಿಯೊಳಗೆ ಕಂಬ ನೆಟ್ಟಿದ್ದೇವೆ. ದಡದಲ್ಲಿ ಓಡಾಡುವ ನೀರುನಾಯಿಗಳ ದಾರಿಗೂ ಅಡ್ಡಿಯಾಗಿಲ್ಲ. ಮೊನ್ನೆ ಬೆಳಗ್ಗೆ ಐದು ನೀರುನಾಯಿಗಳು ಬೇಲಿಯ ಆಚೆ ಮೀನು ತಿನ್ನುತ್ತಿದ್ದವು.

ಕೆಲಸ ಗಟ್ಟಿಯಾಗಿದೆ. ಪ್ರತಿ ಕಂಬವನ್ನೂ ನಾನೇ ಅಲುಗಾಡಿಸಿ ನೋಡಿದ್ದೇನೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಚಿಲಕ ಮಕ್ಕಳ ಕೈಗೆ ಎಟುಕುವುದಿಲ್ಲ, ಬೀಗದ ಕೈ ನಮ್ಮಿಬ್ಬರ ಬಳಿ ಮಾತ್ರ ಇರುತ್ತದೆ. ಸೊಸೈಟಿಯಲ್ಲಿ ಸಾಲ ಎತ್ತಿದ್ದೇವೆ. ₹150ರಲ್ಲಿ 100 ಸಾಲಕ್ಕೆ, 50 ಮಳೆಗಾಲದ ದುರಸ್ತಿಗೆ. ಸಾಲ ತೀರಿದ ತಿಂಗಳೇ ಆ 100 ಇಳಿಸುತ್ತೇವೆ. ರಸೀದಿಗಳು ಜಗಲಿಯ ಮೇಜಿನ ಮೇಲಿವೆ, ಬಂದಾಗ ನೋಡಬಹುದು.

ಮಕ್ಕಳಿಗೆಂದು ಹುಣಸೆಮರದ ಕೆಳಗೆ ಮೂರಡಿ ಆಳದ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದೇವೆ. ಕೊಳವೆಬಾವಿಯ ನೀರು, ದಿನ ಬಿಟ್ಟು ದಿನ ಬದಲಿಸುತ್ತೇವೆ. ಅದು ಹೊಳೆಯಾಗುವುದಿಲ್ಲ ಎಂದು ಗೊತ್ತು. ಜಗಲಿಯನ್ನು ಎರಡಡಿ ಎತ್ತರಿಸಿದ್ದೇವೆ, ಕುರ್ಚಿಯಲ್ಲಿ ಕುಳಿತರೆ ಬೇಲಿಯ ಮೇಲಿನಿಂದ ಹೊಳೆ ಪೂರ್ತಿ ಕಾಣುತ್ತದೆ. ಜನವರಿಯ ಚಳಿಗೆ ಎದುರು ದಡದ ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತದೆ. ದುರ್ಬೀನು ತರಿಸಿಟ್ಟಿದ್ದೇವೆ.

ಈಗಾಗಲೇ ಮುಂಗಡ ಕಟ್ಟಿದವರಿಗೆ ಹಳೆಯ ದರವೇ ಇರುತ್ತದೆ. ಬರುವುದಿಲ್ಲ ಎನ್ನುವವರಿಗೆ ಪೂರ್ತಿ ಹಣ ವಾರದೊಳಗೆ ವಾಪಸ್. ಮಾರ್ಚ್‌ನ ಆ ಹುಡುಗಿಯ ಮನೆಯವರು ಸಂಕ್ರಾಂತಿಗೆ ಎರಡು ಕೋಣೆ ಕಾದಿರಿಸಿದ್ದಾರೆ.

ನಿಮ್ಮ,
ಹೊಳೆದಂಡೆ ಮನೆಯ ನಾವಿಬ್ಬರು