ಭಾಗ ಆದ ಮೇಲೆ ಉಳಿಯುವ ಎರಡು ಆಣೆ

ಸರಸ್ವತಿಪುರಂ, ಮೈಸೂರು

ಪ್ರೀತಿಯ ಮಗಳೇ,

ಮದ್ದೂರಿನಿಂದ ನೀನು ಕಳಿಸಿದ ‘ವಿಭಾಗ’ ಪ್ರಬಂಧ ಓದಿದೆ. ಗಣಿತ, ಜೀವಶಾಸ್ತ್ರ, ಕಾನೂನು, ಆಡಳಿತ, ಸೈನ್ಯ, ಆಟ, ಯಾವುದನ್ನೂ ಬಿಟ್ಟಿಲ್ಲ. ಶ್ರದ್ಧೆಯಿಂದ ಕೂತು ಬರೆದಿದ್ದೀಯ. ಆದರೆ ಇಷ್ಟೊಂದು ಅರ್ಥಗಳನ್ನು ಸಾಲಾಗಿ ನಿಲ್ಲಿಸಿಬಿಟ್ಟರೆ ಓದುವವರಿಗೆ ಒಂದೂ ನೆನಪಲ್ಲಿ ಉಳಿಯೋದಿಲ್ಲ ಕಣಮ್ಮ. ಕೊನೆಯ ಪುಟದಲ್ಲಿ ನಿಮ್ಮ ತಾತನ ಗದ್ದೆ ಭಾಗವಾದ ಸಂಗತಿ ಮೂರೇ ಸಾಲಿನಲ್ಲಿ ಬಂದು ಹೋಗುತ್ತೆ. ಅದನ್ನು ಎರಡು ಸಲ ಓದಿದೆ. ಬರೆಯಬೇಕಾದ್ದು ಅದು.

ಮಿಕ್ಕದ್ದರಲ್ಲಿ ಏನು ಉಳಿಸಬೇಕು, ಏನು ಬಿಡಬೇಕು ಅಂತ ಹೇಳ್ತೀನಿ. ಸೈನ್ಯದ ಡಿವಿಷನ್, ಫುಟ್‌ಬಾಲಿನ ಸೆಕೆಂಡ್ ಡಿವಿಷನ್ ಎರಡನ್ನೂ ತೆಗೆದುಬಿಡು. ಅವುಗಳ ಬಗ್ಗೆ ನಿನಗೆ ಹೇಳೋಕೆ ಏನೂ ಇರಲಿಲ್ಲ, ಪಟ್ಟಿ ತುಂಬಲಿ ಅಂತ ಹಾಕಿದ್ದೀಯ. ಹೈಕೋರ್ಟಿನ ವಿಭಾಗೀಯ ಪೀಠ ಬೇಕಾದರೆ ಇರಲಿ. ಹೆಸರಲ್ಲಿ ವಿಭಾಗ, ಕೂರುವಾಗ ಇಬ್ಬರು ನ್ಯಾಯಮೂರ್ತಿಗಳು ಒಟ್ಟಿಗೆ.

‘ಮೈಸೂರು ವಿಭಾಗ’ ಎಂದು ಬರೆದು ಸುಮ್ಮನೆ ಮುಂದೆ ಹೋಗಿದ್ದೀಯಲ್ಲ, ಅಲ್ಲಿ ನಿಲ್ಲಬೇಕಿತ್ತು. ಯಾವ ಮೈಸೂರು ವಿಭಾಗ? ಕಂದಾಯದವರದ್ದಾದರೆ ಮಂಡ್ಯ ಜಿಲ್ಲೆ ಅದರೊಳಗೆ. ಹಾಸನ, ಕೊಡಗು, ಚಾಮರಾಜನಗರದಿಂದ ಹಿಡಿದು ಉಡುಪಿಯವರೆಗೆ ಒಟ್ಟು 8 ಜಿಲ್ಲೆ. ರೈಲ್ವೆಯವರದ್ದಾದರೆ ನಿಮ್ಮ ಮದ್ದೂರು, ಮಂಡ್ಯ ಎರಡೂ ಸ್ಟೇಷನ್ನು ಬೆಂಗಳೂರು ವಿಭಾಗಕ್ಕೆ ಸೇರಿದ್ದು. ಶಿವಮೊಗ್ಗಕ್ಕೆ ಇದೇ ತಿರುವುಮುರುವು: ರೈಲಿಗೆ ಮೈಸೂರು ವಿಭಾಗ, ಕಂದಾಯಕ್ಕೆ ಬೆಂಗಳೂರು ವಿಭಾಗ. ಒಬ್ಬರು ಹಳಿ ನೋಡಿಕೊಂಡು ಗೆರೆ ಎಳೆದರು, ಇನ್ನೊಬ್ಬರು ಜಿಲ್ಲೆ ನೋಡಿಕೊಂಡು. ಯಾರು, ಯಾವ ಕೆಲಸಕ್ಕೆ ಭಾಗ ಮಾಡಿದರು ಎನ್ನೋದನ್ನು ಕೇಳದೆ ಆ ಪದವನ್ನು ಬಳಸಬೇಡ. ಕೊಳ್ಳೇಗಾಲವನ್ನೇ ನೋಡು. 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆ, ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಅಲ್ಲೇ ಹುಟ್ಟಿ ಅಲ್ಲೇ ಬಾಳಿದ ಒಬ್ಬ ಮುದುಕಿ ಮನೆ ಬದಲಿಸದೆ ಮೂರು ಜಿಲ್ಲೆ ಕಂಡಿದ್ದಾಳೆ. ಅವಳು ಯಾವ ಊರಿಗೆ ಹೋಗಿ ಅರ್ಜಿ ಕೊಟ್ಟಳು, ಯಾವ ಭಾಷೆಯಲ್ಲಿ ಬರೆಸಿದಳು ಅನ್ನೋದು ನಿನಗೆ ಸಿಕ್ಕಿದರೆ ಇನ್ನೊಂದು ಪ್ರಬಂಧವೇ ಆಗುತ್ತೆ.

ಜೀವಕೋಶದ ಭಾಗ ಚೆನ್ನಾಗಿ ಬಂದಿದೆ. ಕಾಲೇಜಿನಲ್ಲಿ ಈರುಳ್ಳಿ ಬೇರಿನ ತುದಿಯನ್ನು ಗಾಜಿನ ಮೇಲಿಟ್ಟು ನೋಡಿದ್ದನ್ನು ಹಾಗೇ ಬಿಡು. ಅಲ್ಲಿ ಒಂದು ಕೋಶ ಎರಡಾದರೂ ಎರಡಕ್ಕೂ ಪೂರ್ತಿ ವರ್ಣತಂತುಗಳು ಸಿಗುತ್ತವೆ, ಯಾರಿಗೂ ಕಮ್ಮಿ ಬೀಳೋದಿಲ್ಲ. ಅದರ ಪಕ್ಕಕ್ಕೆ ನಿಮ್ಮ ಕಡೆಯ ಕಬ್ಬನ್ನು ತಾ. ಬಿತ್ತನೆ ಕಬ್ಬನ್ನು ಎರಡು ಕಣ್ಣು, ಮೂರು ಕಣ್ಣಿನ ತುಂಡು ಮಾಡಿ ನೆಡುತ್ತಾರಲ್ಲ, ಕತ್ತರಿಸಿದಷ್ಟೂ ಬೆಳೆಯುವ ಲೆಕ್ಕ ಅದು. ದಿನಾ ನೋಡುವ ನಿನಗೆ ಬರೆಯಬೇಕು ಅನ್ನಿಸಿಲ್ಲ, ಅಷ್ಟೆ.

ನೆಲ, ನೀರಿಗೆ ಆ ಭಾಗ್ಯ ಇಲ್ಲ. ಕಾವೇರಿಯ ಬಗ್ಗೆ ‘ರಾಜ್ಯಗಳ ನಡುವೆ ಹಂಚಿಕೆಯಾಯಿತು’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀಯ. ಅಂಕಿ ಹಾಕು. 2018ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನಂತೆ 740 ಟಿಎಂಸಿಯಲ್ಲಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಕೂಡಿದರೆ 726. ಉಳಿದ 14ರಲ್ಲಿ 10 ಪರಿಸರಕ್ಕೆ, 4 ಹೇಗೂ ಸಮುದ್ರ ಸೇರುವ ನೀರಿಗೆ. ಈ 14 ನನಗೆ ಬಹಳ ಮುಖ್ಯ. ಹೊಳೆಗೂ ಒಂದು ಪಾಲು ಇದೆ ಅಂತ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ಇದೆಲ್ಲ ಸರಿಯಾಗಿ ಮಳೆ ಬಿದ್ದ ವರ್ಷದ ಮಾತು. ಮಳೆ ಕೈಕೊಟ್ಟ ವರ್ಷ ಜಗಳ ಶುರುವಾಗೋದು ಅಲ್ಲಿಂದಲೇ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಾಗ ಸೀಳುನಾಲೆಯ ಕೊನೇ ಭಾಗದ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟುತ್ತೆ? ಮುಟ್ಟುವ ಹೊತ್ತಿಗೆ ಮೇಲೆ ನೀರು ನಿಲ್ಲಿಸಿದ್ದಾರಾ? ಗದ್ದೆಗಳಿಗೆ ನೀರು ಬಿಡುವ ನಿಮ್ಮೂರ ನೀರುಗಂಟಿಯ ಜೊತೆ ಒಂದು ರಾತ್ರಿ ತೂಬಿನ ಹತ್ತಿರ ಇದ್ದು ನೋಡು. ತೀರ್ಪಿನ ಅಂಕಿ ಅವನ ಕೈಗೆ ಬರುವ ಹೊತ್ತಿಗೆ ಏನಾಗಿರುತ್ತೆ ಅಂತ ಅವನೇ ಹೇಳ್ತಾನೆ.

ಈಗ ನಿಮ್ಮ ತಾತನ ಗದ್ದೆಗೆ ಬರ್ತೀನಿ. ತಾತ, ಅಜ್ಜಿ ತೀರಿಕೊಂಡ ಮೇಲೆ 1 ಎಕರೆ 10 ಗುಂಟೆಯನ್ನು ಮೂವರು ಅಣ್ಣತಮ್ಮಂದಿರು ‘ಸಮನಾಗಿ ಹಂಚಿಕೊಂಡರು’ ಎಂದು ಬರೆದಿದ್ದೀಯ. ಪೆನ್ನು ಹಿಡಿದು ಭಾಗಿಸಿ ನೋಡಿದೆ. ಎಕರೆಗೆ 40 ಗುಂಟೆ, ಒಟ್ಟು 50 ಗುಂಟೆ. ಗುಂಟೆಗೆ 16 ಆಣೆ. ಒಬ್ಬೊಬ್ಬರಿಗೆ 16 ಗುಂಟೆ 10 ಆಣೆ ಬಂದು ಇನ್ನೂ 2 ಆಣೆ ಉಳಿಯುತ್ತೆ. ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. 2 ಆಣೆ ಅಂದರೆ ಸುಮಾರು 136 ಚದರ ಅಡಿ. ಒಂದು ಕೋಣೆಯಷ್ಟು ಜಾಗ. ಅದು ಎಲ್ಲಿ ಹೋಯಿತು? ಬದುವಿಗೆ ಹೋಯಿತೋ, ಗಾಡಿ ದಾರಿಗೋ, ದೊಡ್ಡವನ ಪಾಲಿಗೋ? ಕೊಳವೆಬಾವಿ ಯಾರ ಕಡೆಗೆ ಬಂತು, ಮಿಕ್ಕವರ ಸರದಿ ಯಾವ ಯಾವ ದಿನ? ನಾಲೆಯ ಪಕ್ಕದ 16 ಗುಂಟೆಯೂ ಆಚೆ ತುದಿಯ 16 ಗುಂಟೆಯೂ ಒಂದೇ ಬೆಳೆ ಕೊಡೋದಿಲ್ಲ ಅಂತ ನಿಮ್ಮಪ್ಪನಿಗೆ ಗೊತ್ತು. ಹಾಗಾದರೆ ಸಮ ಅಂತ ಒಪ್ಪಿದ್ದು ಹೇಗೆ? ಚೀಟಿ ಎತ್ತಿದರಾ? ಪೋಡಿ ಆಗಿ, ಅಂದರೆ ಅಳತೆ ಮಾಡಿ ಬೇರೆಬೇರೆ ಮಾಡಿ, ಒಬ್ಬೊಬ್ಬರ ಪಾಲಿಗೂ ಹಿಸ್ಸಾ ನಂಬರು ಬಂದಿದೆಯಾ, ಇಲ್ಲ ಪಹಣಿ ಇನ್ನೂ ಜಂಟಿಯಾಗೇ ಇದೆಯಾ?

ಇನ್ನೊಂದು. ನೀನು ಮೊದಲು ಕಳಿಸಿದ್ದ ಬರಹದಲ್ಲಿ ಪ್ರತಿ ಹಬ್ಬಕ್ಕೂ ಕಜ್ಜಾಯ ಮಾಡಿಕೊಂಡು ಬರುವ ಒಬ್ಬರು ಸೋದರತ್ತೆ ಇದ್ದರು. ಈ ಲೆಕ್ಕದಲ್ಲಿ ಅವರು ಯಾಕಿಲ್ಲ? ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗೋದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟಾದರೂ ನಮ್ಮ ಕಡೆ ಅಕ್ಕತಂಗಿಯರನ್ನು ಕರೆಸಿ, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸೋದು ನಡೆದೇ ಇದೆ. ಕೆಲವರು ಮನಸಾರೆ ಬಿಟ್ಟುಕೊಡುತ್ತಾರೆ. ಕೆಲವರು ತವರಿನ ಬಾಗಿಲು ಮುಚ್ಚಿಹೋದೀತು ಅಂತ ಹೆದರಿ ಸಹಿ ಹಾಕುತ್ತಾರೆ. ನಿಮ್ಮತ್ತೆ ಸಹಿ ಹಾಕಿದ್ದರೆ ಯಾವ ಮನಸ್ಸಿನಲ್ಲಿ ಹಾಕಿದರು ಅಂತ ಅವರೊಬ್ಬರೇ ಹೇಳಬಲ್ಲರು. ಅವರನ್ನೂ ಸೇರಿಸಿ ಭಾಗಿಸಿ ನೋಡಿದೆ: 50 ಗುಂಟೆ, ನಾಲ್ಕು ಪಾಲು, ತಲಾ 12 ಗುಂಟೆ 8 ಆಣೆ. ಏನೂ ಉಳಿಯೋದಿಲ್ಲ.

ವಿಭಾಗ ಪತ್ರ ರಿಜಿಸ್ಟರ್ ಆಗಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತೆ, ತೆಗೆಸು. ಯಾರಿಗೆ ಯಾವ ಸ್ವತ್ತು ಅಂತ ಹೇಳುವ ‘ಎ’ ಷೆಡ್ಯೂಲು, ‘ಬಿ’ ಷೆಡ್ಯೂಲು, ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ ಎಲ್ಲ ಓದು. ಪತ್ರ ಬರೆಯುವವರ ಭಾಷೆಯನ್ನು ತಿದ್ದಲು ಹೋಗಬೇಡ, ಬೇಕಾದ ಕಡೆ ಹಾಗೇ ಇಳಿಸಿಕೊ. ಆಮೇಲೆ ಅತ್ತೆಯ ಊರಿಗೆ ಹೋಗು, ಅಪ್ಪನ ಜೊತೆ ಬೇಡ, ಒಬ್ಬಳೇ ಹೋಗು. ಅವರು ಹೇಳಿದ್ದರಲ್ಲಿ ಯಾವುದನ್ನು ಬರೆಯಬಹುದು ಅಂತ ಅವರನ್ನೇ ಕೇಳು. ಬೇಡ ಅಂದದ್ದನ್ನು ಬರೆಯಬೇಡ. ಯುಗಾದಿಯೊಳಗೆ ಕಳಿಸಿದರೆ ಓದಿ ವಾಪಸ್ಸು ಹಾಕ್ತೀನಿ. ಅಂಚಿನಲ್ಲಿ ಗುರುತು ಮಾಡೋಕೆ ಸ್ವಲ್ಪ ಜಾಗ ಬಿಟ್ಟು ಬರೆ.

ಆಶೀರ್ವಾದಗಳೊಂದಿಗೆ,
ನಿನ್ನ ಮೇಷ್ಟ್ರು