ಮಗಳಿಗೊಂದು ಪತ್ರ: ಆಟ ನಿಲ್ಲಿಸೋರು ಯಾರು?

ಚೈತ್ರಾ,

ಕೆಲಸ ಬಿಟ್ಟು ಡೆನ್ಮಾರ್ಕಿಗೆ ಹೋಗ್ತೀನಿ, ಅದೂ ವೇಷ ಹಾಕಿ, ಪಾತ್ರವೇ ಆಗಿ ಓಡಾಡಿ ಆಡುವ ಆ 'ಲಾರ್ಪ್' ಆಟಕ್ಕಾಗಿ ಅಂತ ಜಗಳ ಆಡಿ ಮಂಡ್ಯದಿಂದ ಹೊರಟಾಗ ನೀನು ಅಂಥದ್ದೇ ಆಟದ ಒಂದು ಪುಸ್ತಕವನ್ನು ಟೇಬಲ್ ಮೇಲೆ ಬಿಟ್ಟು ಹೋದೆ. ಬೇಕೂಂತಲೇ ಬಿಟ್ಟಿದ್ದಾಳೆ ಅಂತ ನಿಮ್ಮಮ್ಮ ಹೇಳುತ್ತಾಳೆ. ಓದಿದೆ. ರಿಟೈರ್ ಆದ ಮೇಷ್ಟ್ರಿಗೆ ಇನ್ನೇನು ಕೆಲಸ?

'ಡ್ರೀಮ್ ಪಾರ್ಕ್'. ಲ್ಯಾರಿ ನಿವೆನ್, ಸ್ಟೀವನ್ ಬಾರ್ನ್ಸ್ ಸೇರಿ 1981ರಲ್ಲಿ ಬರೆದದ್ದು. ಕಥೆ ನಡೆಯುವುದು 2051ರಲ್ಲಿ. ದೊಡ್ಡ ಪಾರ್ಕು, ಒಳಗೆ ಬರೀ ಬೆಳಕಿನಿಂದ ಮಾಡಿದ ರಾಕ್ಷಸರು, ವೇಷ ಹಾಕಿದ ನಟರು, ಅವರ ನಡುವೆ ನಿಜವಾಗಿ ಓಡಾಡಿ ಆಡುವ ಜನ. ಓದಿಸಿಕೊಂಡು ಹೋಗುತ್ತೆ, ಒಪ್ಪಿದೆ. ಆದರೆ ಅದರಲ್ಲಿ ಒಬ್ಬ ಕಾವಲುಗಾರ ಸಾಯುತ್ತಾನೆ. ಆಟದಲ್ಲಲ್ಲ, ನಿಜವಾಗಿ. ಆದರೂ ಆಟ ನಡೆಯುತ್ತಲೇ ಇರುತ್ತದೆ. ಭದ್ರತೆ ನೋಡಿಕೊಳ್ಳುವ ಗ್ರಿಫಿನ್ ಆಟಗಾರನಂತೆ ಒಳಗೆ ಸೇರಿ ಕೊಂದವನನ್ನು ಹುಡುಕುತ್ತಾನೆ. ಅಲ್ಲಿಗೆ ಪುಸ್ತಕ ಮುಚ್ಚಿಟ್ಟೆ. ಆಮೇಲೆ ತಡೆಯಲಾರದೆ ಮುಗಿಸಿದೆ.

ನಾನು ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನ ಮಾಡಿದ ಫೋಟೋ ನೋಡಿದ್ದೀಯಲ್ಲ? ಅವತ್ತಿನ ಕಥೆ ನಿನಗೆ ಹೇಳಿಲ್ಲ. ಗದಾಯುದ್ಧದಲ್ಲಿ ಭೀಮನ ಗದೆ ಜಾರಿ ನನ್ನ ಪಕ್ಕೆಗೆ ಬಿತ್ತು. ಉಸಿರೇ ಸಿಗಲಿಲ್ಲ. "ಅಯ್ಯೋ, ಸಾಕು ಬಿಡೋ" ಅಂದೆ. ಜನ ಶಿಳ್ಳೆ ಹೊಡೆದರು. "ಒನ್ಸ್ ಮೋರ್" ಅಂತ ಕೂಗಿದರು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಏರಿಸಿದರು. ಭೀಮನಿಗೂ ಹುರುಪು ಬಂತು, ಇನ್ನೊಂದು ಕೊಟ್ಟ. ದುರ್ಯೋಧನ ಹೇಗಿದ್ದರೂ ಬಿದ್ದು ಒದ್ದಾಡಲೇಬೇಕಲ್ಲ, ನಾನು ಒದ್ದಾಡಿದ್ದು ಯಾರಿಗೆ ತಾನೆ ಗೊತ್ತಾಗಬೇಕು? ಪರದೆ ಬಿದ್ದ ಮೇಲೆ "ಏನ್ ಆಕ್ಟಿಂಗ್ ಸಾರ್" ಅಂತ ಹಾರ ಹಾಕಿದರು. ಪಕ್ಕೆಲುಬು ಬಿರುಕು ಬಿಟ್ಟಿತ್ತು. ಭೀಮ ಒಳ್ಳೆಯವನೇ ಕಣವ್ವ, ನನ್ನ ಗೆಳೆಯ. ನೋಡೋಕೆ ಬಂದವರೂ ನಮ್ಮೂರವರೇ. ಅದೇ ನನಗೆ ಭಯ.

ನೀನು ಹೋಗುತ್ತಿರುವ ಡೆನ್ಮಾರ್ಕ್ ಕಡೆ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರಂತೆ. 'ಕಟ್' ಅಂದರೆ ಎಲ್ಲರೂ ಆಟ ನಿಲ್ಲಿಸಬೇಕು. 'ಬ್ರೇಕ್' ಅಂದರೆ ಸ್ವಲ್ಪ ಮೆಲ್ಲಗೆ. ಒಳ್ಳೆಯ ಏರ್ಪಾಡು. ಆದರೆ ಅನ್ನೋಕೆ ಬಾಯಿ ಬರಬೇಕಲ್ಲ? ನೀನು ಜ್ವರ ಬಂದರೂ ಹೇಳದವಳು. ಎಲ್ಲರೂ ಖುಷಿಯಾಗಿದ್ದಾರೆ, ನಾನ್ಯಾಕೆ ಕೆಡಿಸಲಿ ಅನ್ನುವವಳು. ಕೆಡಿಸು. ನೀನು ಆಟ ನಡೆಸುವ ಜಾಗದಲ್ಲಿದ್ದರೆ ಇನ್ನೂ ಜಾಸ್ತಿ ಹುಷಾರು. ಚೆನ್ನಾಗಿ ಅಳುತ್ತಿರುವವರ ಹತ್ತಿರ ಹೋಗಿ ಒಂದು ಸಲ ಕೇಳು. ನಿದ್ದೆಗೆಟ್ಟವರನ್ನು ಆಡಿಸಬೇಡ. ಬೂಟು ಗಟ್ಟಿಯದು ತಗೋ. ನೋಡು, ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೆ.

ಆ ಪುಸ್ತಕ ಓದಿದವರು ಅಮೆರಿಕದ ಬೌಲ್ಡರ್‌ನಲ್ಲಿ, ಕಥೆಯಲ್ಲಿ ಬರುವ ಸಂಘದ ಹೆಸರಿನಲ್ಲೇ ಸಂಘ ಕಟ್ಟಿ ಬಯಲಲ್ಲಿ ಆಡಲು ಶುರುಮಾಡಿದರಂತೆ. ಇದೇನೂ ಕೆಲಸವಿಲ್ಲದವರ ಹುಚ್ಚಲ್ಲ ಅಂತ ನೀನು ಕೂಗಾಡಿದ್ದರಲ್ಲಿ ಸ್ವಲ್ಪ ಸತ್ಯ ಇದೆ. ಬೀದಿ ಮಕ್ಕಳಿಗೆಲ್ಲ ಪಾರ್ಟು ಹಂಚಿ, ಮಾತು ಹೇಳಿಕೊಟ್ಟು ಆಡಿಸುತ್ತಿದ್ದವಳು ನೀನು. ನಾಲ್ಕು ಜನರ ಮುಂದೆ ಅದನ್ನು ಹೇಳಿಕೊಂಡು ತಿರುಗಿದ್ದೇನೆ, ನಿನ್ನ ಮುಂದೆ ಮಾತ್ರ ಇಲ್ಲ. ಒಳ್ಳೆ ಕೆಲಸ ಬಿಟ್ಟೆಯಲ್ಲ ಅನ್ನುವ ಸಿಟ್ಟು ಇನ್ನೂ ಇದೆ, ಅದು ಬೇರೆ.

ಬ್ಯಾಂಕಿನ ಸಾಲದ ಕಾಗದಕ್ಕೆ ಸೋಮವಾರ ಸಹಿ ಹಾಕಿ ಬರುತ್ತೇನೆ. ಆಧಾರ್ ಜೆರಾಕ್ಸ್ ಎಷ್ಟು ಬೇಕು ಅಂತ ಅಮ್ಮನಿಗೆ ಫೋನ್ ಮಾಡಿ ಹೇಳು.

ಅಪ್ಪ